ಎರಡನೇ ಸಿಡಿ ಇಲ್ಲದ ಸಿನಿಮಾ

ಏಳು ವರ್ಷವಾಗುವವರೆಗೆ ಮನೆಯಲ್ಲಿ ಎಲ್ಲರೂ ನನ್ನನ್ನು ಬಾಲೆ ಎಂದೇ ಕರೆಯುತ್ತಿದ್ದರು. ನಮ್ಮ ಮನೆಮಾತು ತುಳು. ತುಳುವಿನಲ್ಲಿ ಬಾಲೆ ಎಂದರೆ ಮಗು. ಶಾಲೆಯ ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು, ಆದರೆ ಅದು ಶಾಲೆಯ ಬ್ಯಾಗಿನ ಹಾಗೆ, ಮನೆಗೆ ಬಂದ ಕೂಡಲೇ ಮೂಲೆಯಲ್ಲಿಡುವಂಥದ್ದು. ಕಾರ್ಕಳದ ಆಸ್ಪತ್ರೆಯಿಂದ ಅಮ್ಮ ನನ್ನ ತಮ್ಮನನ್ನು ಎತ್ತಿಕೊಂಡು ರಿಕ್ಷಾದಿಂದ ಇಳಿದ ದಿನ, ಅಜ್ಜಿ ಮೆಟ್ಟಿಲಿನಿಂದಲೇ ಕೂಗಿದರು: "ಬಾಲೆಗೆ ಬಿಸಿಲು ತಾಗ್ತದೆ, ಬೇಗ ಒಳಗೆ ಬನ್ನಿ." ನಾನು ಅಂಗಳದ ಬಿಸಿಲಲ್ಲಿ ನಿಂತಿದ್ದೆ. ಒಳಗೆ ಓಡಿದೆ. ಬಾಗಿಲಲ್ಲಿ ಅಜ್ಜಿ ನನ್ನ ಭುಜ ಹಿಡಿದು ಪಕ್ಕಕ್ಕೆ ಸರಿಸಿದರು.

"ನೀನಲ್ಲ ಮಾರಾಯ್ತಿ. ದಾರಿ ಬಿಡು."

ಕುಕ್ಕುಂದೂರಿನ ಆ ಮನೆಯಲ್ಲಿ ಕೋಣೆಗಳು ಹೆಚ್ಚಿರಲಿಲ್ಲ. ಮುಂದೆ ಚಾವಡಿ, ಅದರ ಹಿಂದೆ ಒಳಕೋಣೆ, ಬಲಕ್ಕೆ ಅಡುಗೆಮನೆ, ಅದರಾಚೆ ಹಂಡೆ ಹೂತ ಬಚ್ಚಲು. ಅಪ್ಪ ಕಾರ್ಕಳದ ಬಸ್‌ಸ್ಟ್ಯಾಂಡಿನ ಹತ್ತಿರ ಸಿನಿಮಾ ಸಿಡಿಗಳನ್ನು ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದರು. ಯಾರೂ ಕೇಳದ ಸಿಡಿಗಳು ಗೋಣಿಚೀಲದಲ್ಲಿ ಮನೆಗೆ ಬಂದು ಚಾವಡಿಯ ಬೆಂಚಿನ ಅಡಿ ಸೇರುತ್ತಿದ್ದವು. ತಮ್ಮ ಹುಟ್ಟುವ ಮೊದಲು ಒಳಕೋಣೆಯಲ್ಲಿ, ಗೋಡೆಗೂ ಅಮ್ಮನಿಗೂ ನಡುವೆ, ನನ್ನ ಜಾಗವಿತ್ತು. ಬಾಣಂತನ ಶುರುವಾದಾಗ ನನ್ನ ಚಾಪೆ ಚಾವಡಿಗೆ, ಅಜ್ಜಿಯ ಪಕ್ಕಕ್ಕೆ ಬಂತು. ಒಳಕೋಣೆಯ ಕಿಟಕಿ ಮುಚ್ಚಿದರು, ಬಾಗಿಲಿಗೆ ಹಳೆಯ ಸೀರೆಯ ಪರದೆ ಕಟ್ಟಿದರು. ಶಾಲೆಯಿಂದ ಬಂದವಳು ಕೈಕಾಲು ತೊಳೆದು, ಬಟ್ಟೆ ಬದಲಿಸಿ, ಪರದೆಯ ಹೊರಗೆ ನಿಂತು ಅಮ್ಮನೊಡನೆ ಮಾತಾಡಬೇಕಿತ್ತು. ಅಮ್ಮನಿಗೆ ದಿನಾ ಬೆಳಿಗ್ಗೆ ಮೆಂತೆ ಗಂಜಿ. ಮೆಂತೆಯನ್ನು ತೆಂಗಿನಹಾಲು, ಬೆಲ್ಲದೊಡನೆ ಕುದಿಸಿ, ಸ್ಟೀಲಿನ ದೊಡ್ಡ ಲೋಟಕ್ಕೆ ಸುರಿದು, ಅಜ್ಜಿ ನನ್ನ ಮೂಗಿನ ಮುಂದೆಯೇ ಒಳಗೆ ಒಯ್ಯುತ್ತಿದ್ದರು. ಒಂದು ದಿನ ನನಗೂ ಬೇಕೆಂದೆ.

"ಅದು ಹೆತ್ತವರಿಗೆ."

"ಹಾಗಾದ್ರೆ ನಾನೂ ಹೆರ್ತೇನೆ."

ಅಜ್ಜಿ ನಕ್ಕು ನಕ್ಕು ಲೋಟ ಕೆಳಗಿಟ್ಟರು. ಪರದೆಯ ಹಿಂದೆ ಅಮ್ಮನೂ ನಕ್ಕರು, ನಕ್ಕು ಹೊಟ್ಟೆಯ ಹೊಲಿಗೆ ನೋಯಿತೆಂದು ನರಳಿದರು. ಮಗುವನ್ನು ನೋಡಲು ಬಂದವರಿಗೆಲ್ಲ ಆ ಮಾತನ್ನು ಹೇಳಿ ನಗಿಸಿದರು. ಗಂಜಿ ಮಾತ್ರ ಯಾರೂ ಕೊಡಲಿಲ್ಲ.

ಎಂಟು ಗಂಟೆಗೆ ಅಪ್ಪಿಯಕ್ಕ ಬರುತ್ತಿದ್ದರು. ಊರಿನ ಬಾಣಂತಿಯರನ್ನೂ ಮಕ್ಕಳನ್ನೂ ಎಣ್ಣೆ ಹಚ್ಚಿ ಮೀಯಿಸುವುದು ಅವರ ಕೆಲಸ. ನನ್ನನ್ನೂ ಅವರೇ ಮೀಯಿಸಿದ್ದರಂತೆ. ಬಚ್ಚಲಿನ ಮಣೆಯ ಮೇಲೆ ಕೂತು, ಸೀರೆಯನ್ನು ಮೇಲಕ್ಕೆ ಸರಿಸಿ, ಕಾಲುಗಳನ್ನು ಜೋಡಿಸಿ ನೀಡಿ, ಆ ಕಾಲುಗಳ ಮೇಲೆ ಮಗುವನ್ನು ಮಲಗಿಸುತ್ತಿದ್ದರು. ಎಣ್ಣೆಯ ಹೆಬ್ಬೆರಳಿನಿಂದ ಮೂಗಿನ ಎರಡು ಬದಿ ಒತ್ತಿ ಎತ್ತರಿಸುವುದು, ಅಂಗೈಯಿಂದ ಹಣೆ ತೀಡುವುದು, ತಲೆಯನ್ನು ಸುತ್ತಲೂ ಒತ್ತಿ ಉರುಟು ಮಾಡುವುದು. ಆಮೇಲೆ ಬಲಗೈಯನ್ನು ಎಡಗಾಲಿಗೂ ಎಡಗೈಯನ್ನು ಬಲಗಾಲಿಗೂ ತಾಗಿಸಿ ಮಡಚುವುದು. ತಮ್ಮ ಮೊದಲು ಅತ್ತು, ಮತ್ತೆ ಸೋತು, ಕೊನೆಗೆ ಕಣ್ಣು ತೇಲಿಸಿ ಸುಮ್ಮನಾಗುತ್ತಿದ್ದ. ಮನುಷ್ಯರನ್ನು ಹೀಗೆ ಕೈಯಲ್ಲಿ ಮಾಡುತ್ತಾರೆಂದು ನಾನು ತಿಳಿದದ್ದು ಆ ಬಚ್ಚಲಿನ ಬಾಗಿಲಲ್ಲಿ ನಿಂತು.

"ನಿನ್ನ ಮೂಗು ಯಾರು ಮಾಡಿದ್ದು ಗೊತ್ತುಂಟಾ? ನಾನೇ. ಹುಟ್ಟುವಾಗ ಚಪ್ಪಟೆ ಇತ್ತು."

"ಇವನದ್ದು?"

"ಇವನದ್ದು ನಿನ್ನದಕ್ಕಿಂತ ಚೆಂದ ಮಾಡ್ತೇನೆ, ನೋಡ್ತಾ ಇರು."

ಮಗುವಿನ ನಿದ್ದೆ ಕೆಡಬಾರದೆಂದು ಆ ತಿಂಗಳುಗಳಲ್ಲಿ ಟಿ.ವಿ.ಯ ಧ್ವನಿಯನ್ನು ಸೊನ್ನೆಗೆ ಇಳಿಸಿದ್ದರು. ಅಜ್ಜಿಗೆ ಇದರಿಂದ ಏನೂ ತೊಂದರೆಯಾಗಲಿಲ್ಲ. ಅವರು ಧಾರಾವಾಹಿಯ ಎದುರು ಕೂತು, ತುಟಿಗಳು ಆಡಿದ ಹಾಗೆಲ್ಲ ಮಾತುಗಳನ್ನು ತಾವೇ ಹೇಳುತ್ತಿದ್ದರು. "ಈಗ ಇವಳು ಹೇಳ್ತಾಳೆ, ನನ್ನ ಮಗ ಹಾಗೆ ಮಾಡುವವನೇ ಅಲ್ಲ ಅಂತ. ಅವಳು ಹೇಳ್ತಾಳೆ, ಅತ್ತೆ, ನಿಮ್ಮ ಮಗನನ್ನು ನೀವೇ ಇಟ್ಕೊಳ್ಳಿ ಅಂತ." ಪಿಸುಮಾತಿನಲ್ಲಿ, ಬೇರೆಬೇರೆ ಸ್ವರದಲ್ಲಿ. ಎಷ್ಟು ಚೆನ್ನಾಗಿ ಹೇಳುತ್ತಿದ್ದರೆಂದರೆ, ವರ್ಷಗಳ ಮೇಲೆ ಅದೇ ಧಾರಾವಾಹಿಯ ತುಣುಕೊಂದನ್ನು ಧ್ವನಿಯೊಡನೆ ಕೇಳಿದಾಗ ನನಗೆ ಮೋಸ ಹೋದ ಹಾಗಾಯಿತು.

ಒಂದು ಸಂಜೆ ಕರೆಂಟು ಇತ್ತು, ಧಾರಾವಾಹಿ ಇರಲಿಲ್ಲ. ಬೆಂಚಿನ ಅಡಿಯ ಗೋಣಿಯಿಂದ ನಾನು ಒಂದು ಸಿಡಿ ತೆಗೆದೆ. ಪ್ಲಾಸ್ಟಿಕ್ ಕವರಿನಲ್ಲಿ ಮಸುಕಾದ ಝೆರಾಕ್ಸ್ ಹಾಳೆ, ಅದರಲ್ಲಿ ಒಂದು ತೊಟ್ಟಿಲು. ಆಗ ಸಿನಿಮಾ ಎಂದರೆ ಎರಡು ಸಿಡಿ; ಅರ್ಧ ಒಂದರಲ್ಲಿ, ಉಳಿದರ್ಧ ಇನ್ನೊಂದರಲ್ಲಿ. ಇದರಲ್ಲಿ ಒಂದೇ ಇತ್ತು. ಕಾಪುವಿನ ಯಾರೋ ಗಿರಾಕಿ ಎರಡನೆಯದನ್ನು ವಾಪಸು ತಂದಿರಲಿಲ್ಲವಂತೆ. ತೊಟ್ಟಿಲು ನೋಡಿ ಸಂಸಾರದ ಕಥೆಯೆಂದುಕೊಂಡು ಅಜ್ಜಿ ಕಾಲು ನೀಡಿ ಕೂತರು.

ಹಿಮ ಬಿದ್ದ ಊರು, ಮರದ ಮನೆ, ಬಿಳಿಕೂದಲಿನ ಹುಡುಗಿ. ನನ್ನಷ್ಟೇ ದೊಡ್ಡವಳು. ಮನೆಗೆ ಹೊಸ ಮಗು ಬರುತ್ತದೆ. ಒಂದು ಬೆಳಿಗ್ಗೆ ಹುಡುಗಿಯ ಹಲ್ಲು ದಿಂಬಿನ ಮೇಲೆ ಬಿದ್ದಿರುತ್ತದೆ. ತೊಟ್ಟಿಲಲ್ಲಿ ಮಗು ನಗುತ್ತದೆ, ಅದರ ಚಿಕ್ಕ ಬಾಯಿಯಲ್ಲಿ ಆ ದೊಡ್ಡ ಹಲ್ಲು. ಮರುದಿನ ಅವಳ ಬೆರಳಿನ ಉಗುರು ಇಲ್ಲ. ಮಗುವಿನ ಕೈಯಲ್ಲಿ ಉಂಟು. ಕೂದಲು ಹಿಡಿಹಿಡಿಯಾಗಿ ಬಾಚಣಿಗೆಗೆ ಬರುತ್ತದೆ. ಹುಡುಗಿ ಯಾರಿಗೂ ಏನೂ ಹೇಳುವುದಿಲ್ಲ, ಅಥವಾ ಹೇಳಿದ್ದು ನಮಗೆ ಕೇಳಲಿಲ್ಲ. ಅವಳ ತಾಯಿ ಮಗುವನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗುತ್ತಾಳೆ. ನಾನು ಉಗುರು ಕಚ್ಚುತ್ತಾ ಅಜ್ಜಿಯ ಮುಖ ನೋಡಿದೆ. ಅಜ್ಜಿಯ ಕಣ್ಣು ತುಂಬಿತ್ತು.

"ನೋಡು. ತಾಯಿ ಹೇಳ್ತಾಳೆ, ಎಂಥ ಮಗಳು ನನ್ನದು, ತಮ್ಮನಿಗೆ ಎಲ್ಲ ಕೊಟ್ಟಳು ಅಂತ. ಅಕ್ಕ ಅಂದ್ರೆ ಹೀಗಿರಬೇಕು."

ಕೊನೆಯಲ್ಲಿ ಹುಡುಗಿ ಅಂಗಿಯ ತೋಳನ್ನು ಬೆರಳು ಮುಚ್ಚುವಷ್ಟು ಎಳೆದುಕೊಂಡು ತೊಟ್ಟಿಲ ಪಕ್ಕ ನಿಂತಳು. ಮಗು ಅವಳನ್ನು ನೋಡಿತು. ಅಷ್ಟರಲ್ಲಿ ಟಿ.ವಿ.ಯ ಪರದೆ ನೀಲಿಯಾಯಿತು. ಪ್ಲೇಯರು ಸಿಡಿಯನ್ನು ಹೊರಗೆ ಚಾಚಿತು.

"ಮತ್ತೆ ಎಂತ ಆಯ್ತು ಅಜ್ಜಿ?"

"ಎಂತ ಆಗ್ತದೆ? ತಮ್ಮ ದೊಡ್ಡವನಾಗಿ ಅಕ್ಕನನ್ನು ಚೆನ್ನಾಗಿ ನೋಡ್ಕೊಂಡಿರ್ತಾನೆ."

ನನ್ನ ಮೇಲಿನ ಹಲ್ಲೊಂದು ಆಗಲೇ ಅಲುಗುತ್ತಿತ್ತು. ಅದು ಬಿದ್ದಾಗ ಅಜ್ಜಿ ಪದ್ಧತಿಯಂತೆ ಸೆಗಣಿಯ ಉಂಡೆಯಲ್ಲಿಟ್ಟು ಹೆಂಚಿನ ಮಾಡಿನ ಮೇಲೆ ಎಸೆಯಲು ಹೇಳಿದರು. ನಾನು ಬರೀ ಸೆಗಣಿ ಎಸೆದೆ. ಹಲ್ಲನ್ನು ತೊಳೆದು, ಒರೆಸಿ, ಆ ಸಿಡಿಯ ಕವರಿನೊಳಗೆ ಇಟ್ಟೆ. ಎಲ್ಲಾದರೂ ಹೊರಗೆ ಬಿದ್ದರೆ ಅವನಿಗೆ ಸಿಗುತ್ತದೆ. ಕವರಿನೊಳಗಿದ್ದರೆ ಸಿಗಲಾರದು ಎಂಬ ಲೆಕ್ಕ. ಮಲಗುವ ಮುಂಚೆ ಬೆರಳುಗಳನ್ನು ಎಣಿಸುತ್ತಿದ್ದೆ. ಕೂದಲು ಬಾಚಲು ಅಜ್ಜಿಗೆ ಬಿಡುತ್ತಿರಲಿಲ್ಲ. ಒಂದು ಮಾತು ಇಲ್ಲಿ ಸ್ಪಷ್ಟವಾಗಿ ಬರೆಯಬೇಕು: ನನಗೆ ಹೆದರಿಕೆಗಿಂತ ಹೊಟ್ಟೆಕಿಚ್ಚೇ ಹೆಚ್ಚಿತ್ತು. ಹಲ್ಲು ಹೋಗುವುದು ಅಷ್ಟು ದೊಡ್ಡ ಸಂಗತಿಯಲ್ಲ. ನನ್ನ ಹಲ್ಲನ್ನು ಅವನು ತೋರಿಸಿ ನಕ್ಕರೆ ಅಮ್ಮ ಎಷ್ಟು ಸಂತೋಷಪಡಬಹುದು ಎಂಬುದೇ ನನ್ನನ್ನು ಸುಡುತ್ತಿತ್ತು.

ತಮ್ಮನಿಗೆ ಆರು ತಿಂಗಳು ತುಂಬುವ ಹೊತ್ತಿಗೆ ಬಾಗಿಲಿನ ಪರದೆ ಹೋಗಿತ್ತು, ತೊಟ್ಟಿಲು ಚಾವಡಿಗೆ ಬಂದಿತ್ತು, ಅಪ್ಪಿಯಕ್ಕ ಭಾನುವಾರ ಮಾತ್ರ ಬರುತ್ತಿದ್ದರು. ಅಂಥ ಒಂದು ಭಾನುವಾರ ಬೆಳಿಗ್ಗೆ ದೋಸೆ ಕಚ್ಚುವಾಗ ನನ್ನ ಇನ್ನೊಂದು ಮುಂದಿನ ಹಲ್ಲು ಬಿತ್ತು. ಅದು ಕೈಗೆ ಸಿಗುವ ಮೊದಲೇ ಅಜ್ಜಿ ಎತ್ತಿ, ತಾವೇ ಮಾಡಿಗೆ ಎಸೆದುಬಿಟ್ಟರು. ಅದೇ ಮಧ್ಯಾಹ್ನ ತಮ್ಮನಿಗೆ ಅನ್ನ ಹಿಸುಕಿ ತಿನ್ನಿಸುತ್ತಿದ್ದ ಅಮ್ಮ, ಬಟ್ಟಲಿಗೆ ಏನೋ ತಾಗಿದ ಸದ್ದು ಕೇಳಿ, ಅವನ ವಸಡು ಸವರಿ ನೋಡಿದರು.

"ಅತ್ತೆ, ಹಲ್ಲು! ಇವನಿಗೆ ಹಲ್ಲು ಬಂತು!"

ಅಜ್ಜಿ ಅಡುಗೆಮನೆಯಿಂದ ಓಡಿ ಬಂದರು. ನನ್ನ ಬೋಳು ಬಾಯಿ ನೋಡಿದರು, ಅವನ ಬಾಯಿ ನೋಡಿದರು, ಕೈ ತಟ್ಟಿದರು.

"ಇವಳದ್ದು ಹೋಗಿ ಅವನಿಗೆ ಬಂತು, ನೋಡಿ!"

ಅಮ್ಮ ನಕ್ಕರು. ಆರು ತಿಂಗಳಲ್ಲಿ ಅಷ್ಟು ಬಿಚ್ಚಿ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಊಟವಾಗಿ ಅಮ್ಮ ಬಾವಿಕಟ್ಟೆಗೆ ಹೋದಾಗ ನಾನು ತೊಟ್ಟಿಲ ಹತ್ತಿರ ಹೋದೆ. ತಮ್ಮ ಎಚ್ಚರವಿದ್ದ. ನನ್ನನ್ನು ಕಂಡು ಬಾಯಿ ತೆರೆದ. ಕೆಳಗಿನ ವಸಡಿನಲ್ಲಿ ಅಕ್ಕಿಯ ನುಚ್ಚಿನಷ್ಟು ಬಿಳಿ. ನಾನು ಬೆರಳು ಹಾಕಿ ಉಗುರಿನಿಂದ ಅದನ್ನು ಎಬ್ಬಿಸಲು ನೋಡಿದೆ. ಅವನು ಕಚ್ಚಿದ. ನಾನು ಬಿಡಲಿಲ್ಲ. ಅವನ ಕೂಗು ಕೇಳಿ ಅಮ್ಮ ಬಂದಾಗ ನನ್ನ ಬೆರಳಿನಲ್ಲಿ ರಕ್ತವಿತ್ತು, ಅವನ ಗಲ್ಲದಲ್ಲಿಯೂ ಇತ್ತು; ಯಾರದ್ದು ಎಷ್ಟೆಂದು ಈಗಲೂ ಗೊತ್ತಿಲ್ಲ.

"ಎಂತ ಮಾಡಿದೆ? ಎಂತ ಮಾಡಿದೆ ನೀನು?"

"ಅದು ನನ್ನದು."

ಅಮ್ಮ ನನಗೆ ಹೊಡೆಯಲಿಲ್ಲ. ಹೊಡೆದಿದ್ದರೆ ಮರೆಯುತ್ತಿದ್ದೆನೋ ಏನೋ. ಮಗುವನ್ನು ಎದೆಗವಚಿಕೊಂಡು ಗೋಡೆಯವರೆಗೆ ಹಿಂದೆ ಸರಿದರು. ಅಲ್ಲಿಂದ, ನನ್ನನ್ನೇ ನೋಡುತ್ತಾ, ಆದರೆ ನನಗಲ್ಲ, ಅಜ್ಜಿಗೆ ಹೇಳಿದರು:

"ನನಗೆ ಇವಳನ್ನು ನೋಡಿದ್ರೆ ಹೆದರಿಕೆ ಆಗ್ತದೆ ಅತ್ತೆ."

ಆ ದಿನದಿಂದ ತೊಟ್ಟಿಲ ಹತ್ತಿರ ಹೋಗಬೇಕಾದರೆ ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಹೋಗುತ್ತಿದ್ದೆ. ಇಂದಿಗೂ ಯಾರ ಮನೆಯಲ್ಲಾದರೂ ಕೂಸು ಇದ್ದರೆ ಕೈ ತಾನಾಗಿ ಹಿಂದಕ್ಕೆ ಹೋಗುತ್ತದೆ. ಜನ ನನ್ನನ್ನು ಗಂಭೀರ ಸ್ವಭಾವದವಳು, ಮಾತು ಕಡಿಮೆ ಎಂದು ಹೊಗಳುತ್ತಾರೆ. ಮುಂದಿನ ಭಾನುವಾರ ಅಪ್ಪಿಯಕ್ಕನಿಗೆ ಅಜ್ಜಿ ಎಲ್ಲವನ್ನೂ ಹೇಳಿದರು. ಅಪ್ಪಿಯಕ್ಕ ತಮ್ಮನನ್ನು ಮೀಯಿಸಿ, ಒರೆಸಿ, ಅಮ್ಮನ ಕೈಗೆ ಕೊಟ್ಟ ಮೇಲೆ ಮಣೆಯಿಂದ ಏಳಲಿಲ್ಲ. ನನ್ನನ್ನು ಕರೆದರು. ಕಾಲುಗಳ ಮೇಲೆ ಮಲಗಿಸಿಕೊಂಡರು. ನಾನು ಉದ್ದವಾಗಿದ್ದೆ, ಹಿಮ್ಮಡಿ ಬಚ್ಚಲಿನ ತೂಬಿಗೆ ಹೋಗಿ ಮುಟ್ಟಿತು. ಅವರು ಎಣ್ಣೆಯ ಹೆಬ್ಬೆರಳನ್ನು ನನ್ನ ಮೂಗಿನ ಬದಿಗಳಿಗೆ ಒತ್ತಿದರು.

"ಇನ್ನೂ ಚೆಂದ ಮಾಡಿ," ಅಂದೆ.

"ಇನ್ನು ಆಗುವುದಿಲ್ಲ ಮಗಾ. ಗಟ್ಟಿಯಾಯ್ತು."

ಅಂದರೂ ತುಂಬ ಹೊತ್ತು ಒತ್ತುತ್ತಲೇ ಇದ್ದರು.

ಮಣಿಪಾಲದಲ್ಲಿ ಎಂ.ಎ. ಓದುವಾಗ, ಪರ್ಕಳದ ಗೆಳತಿಯ ಬಾಡಿಗೆ ಕೋಣೆಯಲ್ಲಿ ಇಂಥ ಸಿನಿಮಾಗಳನ್ನು ಸಾಲಾಗಿ ನೋಡಿದೆ. ದೇಹ ತನ್ನಷ್ಟಕ್ಕೆ ಬಿರಿಯುವ, ಊದುವ, ಇನ್ನೊಂದನ್ನು ಹೆರುವ ಸಿನಿಮಾಗಳು. ಕೆಲವರೇ ನೋಡುವ, ನೋಡಿದವರು ಬಿಡದೆ ಮತ್ತೆ ಮತ್ತೆ ನೋಡುವ ಚಿತ್ರಗಳು. ರಕ್ತ ಬಂದಾಗ ಗೆಳತಿಯರು ಕಣ್ಣು ಮುಚ್ಚುತ್ತಿದ್ದರು. ನಾನು ಆ ಮನೆಗಳ ಕೋಣೆಗಳನ್ನು ನೋಡುತ್ತಿದ್ದೆ, ಯಾವ ಬಾಗಿಲು ಯಾರಿಗೆ ಮುಚ್ಚಿದೆ ಎಂದು. ನನ್ನ ಹಿಮದ ಸಿನಿಮಾ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಆದರೆ ಇಂಥವುಗಳನ್ನು ಮಾಡಿದವರು ತಮ್ಮ ಮನೆಯ ಜಗಳವನ್ನು, ಮುರಿದ ಸಂಸಾರವನ್ನು, ಮಕ್ಕಳನ್ನು ಕಳೆದುಕೊಳ್ಳುವ ಭಯವನ್ನೇ ಗಾಯವಾಗಿ, ಬಾವಾಗಿ ತೋರಿಸುತ್ತಾರೆಂಬುದು ನೋಡುತ್ತ ನೋಡುತ್ತ ಅರ್ಥವಾಯಿತು. ಒಂದೇ ಕೊರತೆ: ಭಯ ಹುಟ್ಟಿಸುವ ಮಗುವನ್ನು ಯಾವಾಗಲೂ ದೊಡ್ಡವರ ಎತ್ತರದಿಂದ ತೋರಿಸುತ್ತಾರೆ. ಅದು ಬಾಗಿಲಲ್ಲಿ ನಿಂತಿರುತ್ತದೆ, ನಾವು ಹೆದರುತ್ತೇವೆ. ಅಲ್ಲಿ ನಿಂತು ಅದು ಏನು ನೋಡುತ್ತಿದೆಯೆಂದು ಕ್ಯಾಮೆರಾ ತಿರುಗುವುದಿಲ್ಲ. ಅದನ್ನು ನಾನು ಬರೆಯಬೇಕು ಎಂದುಕೊಂಡೆ. ಟಿಪ್ಪಣಿ ಪುಸ್ತಕ ಕೊಂಡೆ. ಪೆನ್ನು ಹಿಡಿದರೆ ಬೆರಳು ಬಿಗಿಯುತ್ತಿತ್ತು. ವರ್ಷಗಳು ಹೋದವು.

ತಮ್ಮನ ಹೆಸರು ಸುಹಾಸ್. ಮೂಗು ನಿಜಕ್ಕೂ ನನ್ನದಕ್ಕಿಂತ ಚೆಂದ. ಅವನೂ ಮಣಿಪಾಲಕ್ಕೇ ಹೋದ, ಸಿನಿಮಾ ಮಾಡುವುದನ್ನು ಕಲಿಯಲು. ಎರಡು ವರ್ಷದ ಹಿಂದೆ ಕಾಪುವಿನ ದೀಪಸ್ತಂಭದ ಬಂಡೆಯ ಮೇಲೆ ಚುರುಮುರಿ ತಿನ್ನುತ್ತಾ ಕೂತಿದ್ದಾಗ, ಯಾಕೋ, ಅವನಿಗೆ ಎಲ್ಲ ಹೇಳಿಬಿಟ್ಟೆ: ಬಾಗಿಲಿನ ಪರದೆ, ಗಂಜಿಯ ಲೋಟ, ಸಿಡಿ, ಅಜ್ಜಿಯ ಸಂಭಾಷಣೆ, ಹಲ್ಲು, ಬೆರಳು. ಅಮ್ಮನ ಮಾತು ಮಾತ್ರ ಹೇಳಲಿಲ್ಲ. ಅವನು ಚುರುಮುರಿಯ ಪೊಟ್ಟಣ ಕೈಯಲ್ಲಿ ಹಿಡಿದವನು ತಿನ್ನುವುದನ್ನೇ ಮರೆತ. ಕಳೆದ ವರ್ಷ ಫೋನು ಮಾಡಿದ.

"ಅಕ್ಕ, ಸ್ವಂತ ಬದುಕಿನಿಂದ ಒಂದು ಕಿರುಚಿತ್ರ ಮಾಡ್ಬೇಕಂತೆ. ಆ ಹಲ್ಲಿನ ಕಥೆ ಮಾಡ್ಲಾ?"

"ಅದು ನಿನ್ನ ಬದುಕಾ?"

"ನನ್ನ ಬಾಯಿ ಅಲ್ವಾ ಮಾರಾಯ್ತಿ?"

ಮಾಡು, ಆದರೆ ನನ್ನ ಸುದ್ದಿ ಎಲ್ಲೂ ಬರಬಾರದು ಅಂದೆ. ಅವನು ಆ ಹಲ್ಲು ಇನ್ನೂ ಉಂಟಾ, ಹತ್ತಿರದಿಂದ ತೋರಿಸಲು ಬೇಕಿತ್ತು ಎಂದು ಕೇಳಿದ. ಇಲ್ಲ, ಮನೆಗೆ ಸುಣ್ಣ ಹೊಡೆಯುವಾಗ ಹೋಯಿತು ಅಂದೆ. ಹಾಗೆ ಹೇಳುವಾಗ ಅದು ನನ್ನ ಕಪಾಟಿನಲ್ಲಿ, ಅದೇ ಕವರಿನಲ್ಲಿ ಇತ್ತು. ಅವನು ಒಣಕೊಬ್ಬರಿಯ ಚೂರನ್ನು ಕೆತ್ತಿ ಹಲ್ಲು ಮಾಡಿಕೊಂಡ.

ಚಿತ್ರವನ್ನು ತೋರಿಸಿದ ದಿನ ಅಪ್ಪ ಅಂಗಡಿಯಲ್ಲೇ ಉಳಿದರು. ಈಗ ಅಲ್ಲಿ ಮೊಬೈಲಿನ ಕವರು, ಚಾರ್ಜರು ಮಾರುತ್ತಾರೆ. ನಾನೂ ಅಮ್ಮನೂ ಬಸ್ಸಿನಲ್ಲಿ ಮಣಿಪಾಲಕ್ಕೆ ಹೋದೆವು. ಚಿಕ್ಕ ಸಭಾಂಗಣ, ಹನ್ನೊಂದು ನಿಮಿಷದ ಚಿತ್ರ. ಶಬ್ದವಿಲ್ಲದ ಟಿ.ವಿ.ಗೆ ಅಜ್ಜಿ ಮಾತು ಕೊಡುವ ದೃಶ್ಯಕ್ಕೆ ಎಲ್ಲರೂ ನಕ್ಕರು. ಆಮೇಲೆ ನಗು ನಿಂತಿತು. ಪರ್ಕಳದ ಅವನ ಕೋಣೆಯ ಯಜಮಾನರ ಮಗಳು, ಎಂಟು ವರ್ಷದವಳು, ಹುಡುಗಿಯಾಗಿದ್ದಳು. ಕೈಗಳನ್ನು ಹಿಂದೆ ಕಟ್ಟಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಅದನ್ನು ನಾನು ಅವನಿಗೆ ಹೇಳಿರಲಿಲ್ಲ. ಅವನೇ ನೋಡಿದ್ದು, ಇಷ್ಟು ವರ್ಷ. ಕ್ಯಾಮೆರಾ ಅವಳ ಎತ್ತರದಲ್ಲೇ ಇತ್ತು: ಸೀರೆಯ ಪರದೆಯ ಅಂಚು, ಒಳಗೆ ಹೋಗುವ ಲೋಟ, ಅಮ್ಮನ ಪಾದ. ನಾನು ಬರೆಯದೆ ಬಿಟ್ಟದ್ದನ್ನು ಅವನು ಮಾಡಿದ್ದ, ನನಗಿಂತ ಚೆಂದವಾಗಿ. ಕೊನೆಯಲ್ಲಿ ಕ್ಯಾಮೆರಾ ತೊಟ್ಟಿಲೊಳಗೆ ಮಲಗುತ್ತದೆ, ಹುಡುಗಿಯ ಮುಖ ಬಗ್ಗಿ ಬಗ್ಗಿ ಪರದೆ ತುಂಬುತ್ತದೆ, ಕತ್ತಲು. ಯಾರೋ ಹಿಂದಿನ ಸಾಲಿನಲ್ಲಿ ಉಸಿರೆಳೆದುಕೊಂಡರು. ಚಪ್ಪಾಳೆಯ ನಂತರ ಒಬ್ಬ ವಿದ್ಯಾರ್ಥಿನಿ ಎದ್ದು, ಆ ಹುಡುಗಿ ನಿಜವಾಗಿ ಯಾರು ಎಂದು ಕೇಳಿದಳು. ಸುಹಾಸ್ ನನ್ನ ಕಡೆ ನೋಡದೆ, "ಕಲ್ಪನೆ," ಅಂದ. ಕೊಟ್ಟ ಮಾತು ಉಳಿಸಿಕೊಂಡ. ನನ್ನ ಕೈಯಾರೆ ನಾನು ಅಲ್ಲಿ ಇಲ್ಲವಾದೆ.

ವಾಪಸು ಬರುವಾಗ ಅಮ್ಮ ಕಿಟಕಿಯ ಬದಿ ಕೂತರು. ಬಸ್ಸು ಪರ್ಕಳ ದಾಟಿತು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡರು.

"ಆ ಹುಡುಗಿಗೆ ಯಾರೂ ಒಂದು ತುತ್ತು ಕೊಡುವುದೇ ಇಲ್ಲ ಅಲ್ವಾ? ಮೂರು ಸಲ ಲೋಟ ಅವಳ ಎದುರಿಂದಲೇ ಹೋಗ್ತದೆ. ಆ ತಾಯಿಗೆ ಕಣ್ಣು ಕಾಣುವುದಿಲ್ಲವಾ?"

"ಬಾಣಂತಿ ಅಲ್ವಾ ಅಮ್ಮ."

"ಬಾಣಂತಿ ಆದ್ರೆ? ಇವಳನ್ನೂ ಅವಳೇ ಹೆತ್ತದ್ದಲ್ವಾ?"

ನಾನು ಎದುರು ಸೀಟಿನ ಕಂಬಿ ಹಿಡಿದುಕೊಂಡೆ. ಮೆಲ್ಲಗೆ, ಬೇರೆ ಯಾರದ್ದೋ ವಿಷಯವೆಂಬಂತೆ, ಕೇಳಿದೆ.

"ನಾನು ಹಾಗೆ ಇದ್ದೆನಾ, ಸುಹಾಸ್ ಹುಟ್ಟಿದಾಗ?"

ಅಮ್ಮ ನನ್ನನ್ನು ನೋಡಿ ನಕ್ಕರು.

"ನೀನಾ? ನೀನು ಬಂಗಾರದಂಥ ಮಗು. ಒಂದು ದಿನ ತೊಂದರೆ ಕೊಟ್ಟವಳಲ್ಲ. ದೂರದಲ್ಲಿ ನಿಂತು ನೋಡ್ತಾ ಇದ್ದೆ, ಅಷ್ಟೆ." ಮತ್ತೆ ಕಿಟಕಿಗೆ ತಿರುಗಿ, "ಆ ಹುಡುಗಿ ಮಾತ್ರ, ಪಾಪ," ಅಂದರು. ಅವರ ಕಣ್ಣಲ್ಲಿ ಮತ್ತೆ ನೀರು ಬಂತು.

ಹೆದರಿಕೆ ಆಗ್ತದೆ ಎಂದ ಆ ಮಾತು ಅವರಿಗೆ ನೆನಪೇ ಇಲ್ಲ. ಇಪ್ಪತ್ತು ವರ್ಷ ನಾನು ಬೆನ್ನ ಹಿಂದೆ ಕೈಕಟ್ಟಿ ನಿಂತದ್ದು ಅವರಿಗೆ ಒಳ್ಳೆಯ ನಡತೆಯಾಗಿ ಕಂಡಿತ್ತು. ಬಸ್ಸು ತಿರುವಿನಲ್ಲಿ ವಾಲಿದಾಗ ಅಮ್ಮನ ಭುಜ ನನಗೆ ತಾಗಿತು, ಮತ್ತು ನಾನು, ಇಷ್ಟು ಓದಿದವಳು, ಪರ್ಕಳದ ಆ ಎಂಟು ವರ್ಷದ ಹುಡುಗಿಯ ಮೇಲೆ ಹೊಟ್ಟೆಕಿಚ್ಚುಪಟ್ಟೆ. ಅಮ್ಮನ ಕಣ್ಣೀರು ಹನ್ನೊಂದು ನಿಮಿಷದಲ್ಲಿ ಅವಳಿಗೆ ಸಿಕ್ಕಿತು.

ಮನೆಗೆ ಬಂದು ಕಾಲು ತೊಳೆಯುತ್ತಿರುವಾಗಲೇ ಸುಹಾಸನ ಫೋನು ಬಂತು. ಅವನಿಗೆ ಚಪ್ಪಾಳೆ, ಮೇಷ್ಟ್ರ ಹೊಗಳಿಕೆ ಯಾವುದೂ ಮುಖ್ಯವಲ್ಲವೆಂದು ಅವನ ಧ್ವನಿಯಲ್ಲೇ ತಿಳಿಯುತ್ತಿತ್ತು.

"ಅಕ್ಕ, ಅಮ್ಮ ಎಂತ ಹೇಳಿದ್ರು? ಬಸ್ಸಲ್ಲಿ ಏನಾದ್ರೂ ಹೇಳಿದ್ರಾ?"

ಅಡುಗೆಮನೆಯಲ್ಲಿ ಅಮ್ಮ ನನಗೆ ಬಡಿಸಲು ತಟ್ಟೆ ಇಡುತ್ತಿರುವ ಸದ್ದು ಕೇಳುತ್ತಿತ್ತು.

"ಇಲ್ಲ," ಅಂದೆ. "ಏನೂ ಹೇಳಲಿಲ್ಲ."